ಪದವಿಚಿಹ್ನೆಗಳೂ ಇತಿಹಾಸದ ಪುನರಭಿನಯವೂ

ಕಳೆದುಹೋದ ಕಾಲದ ಕದನವೊಂದನ್ನು ಬಯಲಿನಲ್ಲಾಗಲಿ ರಂಗದ ಮೇಲಾಗಲಿ ಮರಳಿ ಆಡಿ ತೋರಿಸಲು ಹೊರಟವರಿಗೆ ಖಡ್ಗ ಯಾವ ಬಗೆಯದಿರಬೇಕು, ಕುದುರೆಗಳನ್ನು ಎಲ್ಲಿಂದ ತರಿಸಬೇಕು, ಕೋಟೆಯ ಬಾಗಿಲನ್ನು ಹೇಗೆ ಕಟ್ಟಬೇಕು ಎಂಬ ಚಿಂತೆಗಳು ಮೊದಲು ಬರುವುದು ಸಹಜವೇ. ಆದರೆ ಆ ಸೇನೆಯಲ್ಲಿ ಆಜ್ಞೆ ಕೊಡತಕ್ಕವನು ಯಾರು, ಅದನ್ನು ಶಿರಸಾವಹಿಸತಕ್ಕವನು ಯಾರು, ಈ ತಾರತಮ್ಯವು ನೋಡಿದವರ ಕಣ್ಣಿಗೆ ಯಾವ ಗುರುತಿನಿಂದ ತಿಳಿಯುತ್ತಿದ್ದಿತು ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ಈ ಪ್ರಶ್ನೆಯೇ ಪುನರಭಿನಯದ ಪ್ರಾಣಸ್ಥಾನವೆಂದು ನಾನು ನಂಬಿದ್ದೇನೆ. ಸೇನೆಯೆಂದರೆ ಕೇವಲ ಆಯುಧ ಹಿಡಿದ ಜನಸಮೂಹವಲ್ಲ. ಒಬ್ಬರಿಗೊಬ್ಬರು ಯಾವ ಸಂಬಂಧದಲ್ಲಿ ನಿಂತಿದ್ದಾರೆಂಬುದು ಮೈಮೇಲಿನ ಬಟ್ಟೆಯಲ್ಲಿಯೇ ಬರೆದಿರುವ ಸಮೂಹ. ಆ ಬರಹವನ್ನು ತಪ್ಪಾಗಿ ನಕಲು ಮಾಡಿದರೆ ಉಳಿದ ದೃಶ್ಯವೆಷ್ಟೇ ಭವ್ಯವಾಗಿದ್ದರೂ ನಡೆದ ಕಥೆ ಬೇರೆ, ತೋರಿಸಿದ ಕಥೆ ಬೇರೆ ಆಗುತ್ತದೆ.

ಹುಬ್ಬಳ್ಳಿ-ಧಾರವಾಡದ ಸೀಮೆಯವರಿಗೆ ಇದು ದೂರದ ವಿಚಾರವಲ್ಲ. ಪ್ರತಿವರ್ಷ ಅಕ್ಟೋಬರ್ 23ರಿಂದ ಮೂರು ದಿನ ನಡೆಯುವ ಕಿತ್ತೂರು ಉತ್ಸವಕ್ಕೆ ಧಾರವಾಡದ ಕಲಾವಿದರೂ ವಿದ್ಯಾರ್ಥಿಗಳೂ ಹೋಗುತ್ತಾರೆ. ಹುಬ್ಬಳ್ಳಿಯ ಚೆನ್ನಮ್ಮ ವೃತ್ತದಲ್ಲಿ ಕುದುರೆಯೇರಿ ಖಡ್ಗ ಹಿಡಿದ ರಾಣಿಯನ್ನು ನೋಡದೆ ಊರಿನೊಳಕ್ಕೆ ಬರುವವರೇ ಕಡಿಮೆ. ಸುಗ್ಗಿ ಮುಗಿದ ಮೇಲೆ ಹಳ್ಳಿಹಳ್ಳಿಯ ಜಾತ್ರೆಗಳಲ್ಲಿ ಸಂಗೊಳ್ಳಿ ರಾಯಣ್ಣನ ನಾಟಕವಿಲ್ಲದೆ ಬೇಸಿಗೆ ಕಳೆಯುವುದಿಲ್ಲ. 1961ರಲ್ಲಿ ಬಿ. ಆರ್. ಪಂತುಲು ಅವರ ‘ಕಿತ್ತೂರು ಚೆನ್ನಮ್ಮ’ ಚಿತ್ರವೂ, 2012ರಲ್ಲಿ ರಾಯಣ್ಣನ ಚಿತ್ರವೂ ಬಂದ ಮೇಲಂತೂ ಕಿತ್ತೂರಿನ ಯುದ್ಧದ ವೇಷಭೂಷಣಗಳು ಹೇಗಿದ್ದವೆಂಬ ಒಂದು ಕಲ್ಪನೆ ಜನಮನದಲ್ಲಿ ಗಟ್ಟಿಯಾಗಿ ನೆಲೆಯೂರಿದೆ. ಆ ಕಲ್ಪನೆಯಲ್ಲಿ ಕಿತ್ತೂರಿನವರೆಲ್ಲ ಜರಿಯಂಚಿನ ಮುಂಡಾಸಿನವರು, ಇಂಗ್ಲಿಷರೆಲ್ಲ ಖಾಕಿಯವರು ಇಲ್ಲವೆ ಕೆಂಪು ಕೋಟಿನವರು, ಅವರಲ್ಲಿ ಮುಖ್ಯನಾದವನ ಹೆಗಲ ಮೇಲೆ ಇಂದಿನ ಪೊಲೀಸು ಅಧಿಕಾರಿಗಿರುವಂಥ ನಕ್ಷತ್ರಗಳು.

ಪದವಿಚಿಹ್ನೆಗಳ ವಿಷಯದಲ್ಲಿ ಅತ್ಯಂತ ಕಟ್ಟುನಿಟ್ಟಿನ ಶಿಸ್ತನ್ನು ಬೆಳೆಸಿಕೊಂಡವರೆಂದರೆ ಎರಡನೆಯ ಮಹಾಯುದ್ಧದ ಸೋವಿಯತ್ ಸೇನೆಯನ್ನು ಪುನರಭಿನಯಿಸುವವರು. ಅದಕ್ಕೆ ಕಾರಣ ಆ ಸೇನೆಯ ಚರಿತ್ರೆಯಲ್ಲಿಯೇ ಇದೆ. 1917ರ ಡಿಸೆಂಬರ್ ತಿಂಗಳಲ್ಲಿ ಕ್ರಾಂತಿಯ ಸರಕಾರವು ಹಳೆಯ ಸೇನೆಯ ಎಲ್ಲ ಪದವಿಗಳನ್ನೂ ಬಿರುದುಗಳನ್ನೂ ರದ್ದು ಮಾಡಿತು. ಹೆಗಲಪಟ್ಟಿ, ಅಂದರೆ ರಷ್ಯನ್ನರು ‘ಪಗೋನಿ’ ಎನ್ನುವ ಆ ಭುಜದ ಫಲಕ, ಚಕ್ರವರ್ತಿಯ ಆಳ್ವಿಕೆಯ ಮತ್ತು ದರ್ಪದ ಸಂಕೇತವೆಂದು ಸಿಪಾಯಿಗಳೇ ಅದನ್ನು ಕಿತ್ತೆಸೆದರು. ಆದರೆ ಪದವಿಯಿಲ್ಲದ ಸೇನೆಗೂ ಆಜ್ಞೆ ಬೇಕಲ್ಲವೆ? ಹೀಗಾಗಿ 1919ರ ಜನವರಿಯಲ್ಲಿ ತೋಳಿನ ಮೇಲೆ ಕೆಂಪು ಬಟ್ಟೆಯ ತ್ರಿಕೋನ, ಚೌಕ, ವಜ್ರಾಕೃತಿಗಳು ಬಂದವು. 1924ರಲ್ಲಿ ಅವು ಕೊರಳಪಟ್ಟಿಗೆ ಏರಿದವು. ಆಗಲೂ ಅವು ಸೂಚಿಸುತ್ತಿದ್ದುದು ಮನುಷ್ಯನ ಪದವಿಯನ್ನಲ್ಲ, ಅವನು ಆ ಹೊತ್ತಿಗೆ ವಹಿಸಿಕೊಂಡ ಹೊಣೆಯನ್ನು. ವ್ಯಕ್ತಿಗೆ ಅಂಟಿಕೊಳ್ಳುವ ಪದವಿ ಮರಳಿ ಬಂದದ್ದು 1935ರ ಸೆಪ್ಟೆಂಬರ್ 22ರಂದು. ಅದೇ ವರ್ಷ ತುಖಚೆವ್‌ಸ್ಕಿ, ಯೆಗೊರೋವ್, ಬ್ಲ್ಯೂಖರ್, ವೊರೊಶಿಲೊವ್, ಬುದ್ಯೋನ್ನಿ ಎಂಬ ಐವರು ಮೊದಲ ಮಾರ್ಷಲರಾದರು. ‘ಜನರಲ್’ ಎಂಬ ಹೆಸರು 1940ರವರೆಗೂ ಬರಲಿಲ್ಲ. ಕೊನೆಗೆ 1943ರ ಜನವರಿ 6ರ ಆಜ್ಞೆಯಿಂದ, ಇಪ್ಪತ್ತೈದು ವರ್ಷಗಳ ಹಿಂದೆ ಕಿತ್ತೆಸೆದಿದ್ದ ಆ ಹೆಗಲಪಟ್ಟಿಯೇ ಕೆಂಪು ಸೇನೆಯ ಹೆಗಲಿಗೆ ಹಿಂತಿರುಗಿತು.

ಆದಕಾರಣ 1941ರ ಶರತ್ಕಾಲದಲ್ಲಿ ಮಾಸ್ಕೋವಿನ ರಕ್ಷಣೆಗೆ ನಿಂತ ಲೆಫ್ಟಿನೆಂಟನನ್ನು ಅಭಿನಯಿಸುವವನ ಕೊರಳಪಟ್ಟಿಯಲ್ಲಿ ಎರಡು ಸಣ್ಣ ಚೌಕಗಳಿರಬೇಕು, ಹೆಗಲು ಬರಿದಾಗಿರಬೇಕು. ಕ್ಯಾಪ್ಟನನಿಗೆ ಒಂದು ನೀಳಚೌಕ, ಸಾರ್ಜೆಂಟರಿಗೆ ತ್ರಿಕೋನಗಳು. ಅದೇ ಮನುಷ್ಯ 1945ರ ಜೂನ್ 24ರ ವಿಜಯದ ಪಥಸಂಚಲನದಲ್ಲಿ ಬಂದನೆಂದರೆ ಹೆಗಲಪಟ್ಟಿ ಇಲ್ಲದೆ ಬರಲಾಗದು. ಸ್ಟಾಲಿನ್‌ಗ್ರಾಡ್ ಕದನ ಮುಗಿದದ್ದು 1943ರ ಫೆಬ್ರವರಿ 2ರಂದು, ಹೊಸ ಚಿಹ್ನೆಗಳು ಸೇನೆಗೆ ತಲುಪುತ್ತಿದ್ದ ವಾರಗಳಲ್ಲಿಯೇ. ಆದುದರಿಂದ ಆ ಕದನದ ನಡುಗಾಲವನ್ನು ಆಡುವವರು ಹೆಗಲಪಟ್ಟಿ ಧರಿಸಿದರೆ ತಿಳಿದ ಪ್ರೇಕ್ಷಕ ಒಂದೇ ನೋಟದಲ್ಲಿ ದೋಷವನ್ನು ಹಿಡಿಯುತ್ತಾನೆ. ಇದು ಕೇವಲ ದಾರ ಬಟ್ಟೆಗಳ ಜಗಳವೆಂದು ತಳ್ಳಿಹಾಕುವುದು ಸುಲಭ. ಆದರೆ 1941ರ ಸೈನಿಕ ತನ್ನನ್ನು ಕ್ರಾಂತಿಯ ಸೇನೆಯ ‘ಕಮಾಂಡರ’ನೆಂದು ಕರೆದುಕೊಳ್ಳುತ್ತಿದ್ದ; 1943ರ ಸೈನಿಕ ಮತ್ತೆ ‘ಆಫೀಸರ’ನಾದ, ತನ್ನ ತಂದೆಯ ಕಾಲದ ರಷ್ಯದ ಸೇನೆಯ ವಾರಸುದಾರನೆನಿಸಿಕೊಂಡ. ಒಂದು ರಾಜ್ಯವು ತನ್ನ ಗತಕಾಲದೊಡನೆ ಮಾಡಿಕೊಂಡ ಸಂಧಾನ ಅಷ್ಟಗಲದ ಬಟ್ಟೆಯಲ್ಲಿ ಅಡಗಿದೆ. ನವಕರ್ನಾಟಕ ಪ್ರಕಾಶನದ ಮೂಲಕ ಕನ್ನಡಕ್ಕೆ ಬಂದ ಸೋವಿಯತ್ ಪುಸ್ತಕಗಳನ್ನು ಓದಿ ಬೆಳೆದ ನಮ್ಮ ಹಿರಿಯ ತಲೆಮಾರಿಗೆ ಆ ಯುದ್ಧದ ಕಥೆಗಳು ಪರಿಚಿತವೇ. ಕೊರಳಿನಿಂದ ಹೆಗಲಿಗೆ ನಡೆದ ಈ ಪಯಣ ಮಾತ್ರ ಅಷ್ಟಾಗಿ ಗಮನಕ್ಕೆ ಬಂದಂತಿಲ್ಲ.

ಈ ದೃಷ್ಟಿಯನ್ನು ಹೊತ್ತುಕೊಂಡು ನಮ್ಮ ಸೀಮೆಗೆ ಬರೋಣ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಮಡಿದ ಸೇಂಟ್ ಜಾನ್ ಥ್ಯಾಕರೆಯನ್ನು ನಮ್ಮ ರಂಗಭೂಮಿ ಬಹುಮಟ್ಟಿಗೆ ದಂಡನಾಯಕನಂತೆಯೇ ಚಿತ್ರಿಸುತ್ತದೆ: ಕೆಂಪು ಅಂಗಿ, ಹೊಂಬಣ್ಣದ ಭುಜದ ಕುಚ್ಚು, ಸೊಂಟಕ್ಕೆ ಕತ್ತಿ. ವಾಸ್ತವದಲ್ಲಿ ಅವನು ಈಸ್ಟ್ ಇಂಡಿಯಾ ಕಂಪನಿಯ ಮುಲ್ಕೀ ನೌಕರ, ಧಾರವಾಡದ ಕಲೆಕ್ಟರ್ ಮತ್ತು ರಾಜಕೀಯ ಪ್ರತಿನಿಧಿ; ಅವನಿಗೆ ಸೈನಿಕ ಪದವಿಯೇ ಇರಲಿಲ್ಲ. ಅವನ ಸ್ಮಾರಕಸ್ತಂಭ ಧಾರವಾಡದಲ್ಲಿದೆ. ಮುಂದೆ ಕಾದಂಬರಿಕಾರನಾಗಿ ಹೆಸರಾದ ವಿಲಿಯಂ ಥ್ಯಾಕರೆಗೆ ಇವನು ಚಿಕ್ಕಪ್ಪ. ಅಂದು ಅವನೊಡನೆ ಸತ್ತ ಸೈನಿಕ ಅಧಿಕಾರಿಗಳಾದ ಕ್ಯಾಪ್ಟನ್ ಬ್ಲ್ಯಾಕ್, ಲೆಫ್ಟಿನೆಂಟ್ ಸ್ಯೂಯೆಲ್, ಲೆಫ್ಟಿನೆಂಟ್ ಡೈಟನ್ ಮೂವರೂ ಮದರಾಸಿನ ಕುದುರೆ-ಫಿರಂಗಿದಳದವರು. ಫಿರಂಗಿದಳದ ಬಣ್ಣ ನೀಲಿ. ಹಾಗಾದರೆ ನಮ್ಮ ಉತ್ಸವಗಳಲ್ಲಿ ಕಿತ್ತೂರಿನ ಬಾಗಿಲ ಮುಂದೆ ಬೀಳುವ ಆ ಕೆಂಪಂಗಿಯ ಸಾಲಿನ ಮುಂದೆ ಇರಬೇಕಾದವರು ಕರಿಕೋಟಿನ ಒಬ್ಬ ಕಂದಾಯದ ಅಧಿಕಾರಿಯೂ ನೀಲಿಯಂಗಿಯ ಮೂವರು ಗೋಲಂದಾಜಿಗಳೂ. ಇದರಿಂದ ದೃಶ್ಯದ ಅರ್ಥವೇ ತೀಕ್ಷ್ಣವಾಗುವುದನ್ನು ಗಮನಿಸಬೇಕು. ಕಿತ್ತೂರು ಸಂಸ್ಥಾನದ ದತ್ತಕವನ್ನು ಒಪ್ಪದೆ ಅದರ ಖಜಾನೆಗೆ ಮುದ್ರೆ ಒತ್ತಲು ಬಂದದ್ದು ಕಲೆಕ್ಟರನ ಕಚೇರಿ. ತೋಪುಗಳು ಬಂದದ್ದು ಆ ಕಚೇರಿಯ ಬೆಂಬಲಕ್ಕೆ. ಥ್ಯಾಕರೆಗೆ ಸೇನಾಪತಿಯ ಉಡುಪು ತೊಡಿಸಿದರೆ, ಕಿತ್ತೂರಿನ ಮೇಲೆ ನಡೆದದ್ದು ಮೊದಲಿಗೆ ಕಾಗದಪತ್ರದ ಆಕ್ರಮಣವೆಂಬ ಸತ್ಯ ಮರೆಯಾಗುತ್ತದೆ.

ಖಾಕಿಯ ವಿಚಾರ ಬೇಗನೆ ಮುಗಿಯುತ್ತದೆ. ಆ ಬಣ್ಣ ಹಿಂದುಸ್ಥಾನದ ಸೇನೆಯಲ್ಲಿ ಕಾಣಿಸಿಕೊಂಡದ್ದು 1840ರ ದಶಕದ ಕೊನೆಗೆ, ವಾಯವ್ಯ ಗಡಿಯ ಗೈಡ್ಸ್ ದಳದಲ್ಲಿ. ಚೆನ್ನಮ್ಮ 1829ರ ಫೆಬ್ರವರಿಯಲ್ಲಿ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡಳು, ರಾಯಣ್ಣನನ್ನು ನಂದಗಡದಲ್ಲಿ 1831ರ ಜನವರಿ 26ರಂದು ಗಲ್ಲಿಗೇರಿಸಿದರು. ಇಬ್ಬರೂ ಖಾಕಿಯನ್ನು ಕಂಡವರಲ್ಲ.

ಹೆಗಲ ಮೇಲಿನ ಗುರುತುಗಳ ಕಥೆ ಇದಕ್ಕಿಂತ ಸ್ವಾರಸ್ಯವಾದುದು. 1810ರ ಬ್ರಿಟಿಷ್ ಆಜ್ಞೆಯ ಪ್ರಕಾರ ಕಾಲ್ದಳದ ಕರ್ನಲ್, ಲೆಫ್ಟಿನೆಂಟ್ ಕರ್ನಲ್, ಮೇಜರ್ ಈ ಮೂವರಿಗೆ ಎರಡೂ ಹೆಗಲಿಗೆ ಕುಚ್ಚಿನ ಭುಜಾಭರಣ, ಅದರ ಮೇಲೆ ಕ್ರಮವಾಗಿ ಕಿರೀಟ-ನಕ್ಷತ್ರ, ಬರಿಯ ಕಿರೀಟ, ಬರಿಯ ನಕ್ಷತ್ರ; ಕ್ಯಾಪ್ಟನ್ ಮತ್ತು ಅವನ ಕೆಳಗಿನವರಿಗೆ ಸಾಮಾನ್ಯವಾಗಿ ಬಲಹೆಗಲಿಗೆ ಮಾತ್ರ ಒಂದು. ಕ್ರಿಮಿಯ ಯುದ್ಧದ ಅನುಭವದ ಬಳಿಕ 1855ರಲ್ಲಿ ಈ ಕುಚ್ಚುಗಳನ್ನೇ ತೆಗೆದುಹಾಕಿ ಪದವಿಯ ಗುರುತನ್ನು ಕೊರಳಪಟ್ಟಿಗೆ ತಂದರು. ಅದು ಮತ್ತೆ ಹೆಗಲಿಗೆ ಏರಿದ್ದು 1880ರ ಸುಮಾರಿಗೆ. ಹೀಗೆ 1824ರ ಕಿತ್ತೂರಿಗೂ, ಬಾಬಾಸಾಹೇಬ ಭಾವೆಯವರು ಬಂಡೆದ್ದ 1858ರ ನರಗುಂದಕ್ಕೂ ನಡುವೆ ಇಂಗ್ಲಿಷ್ ಅಧಿಕಾರಿಯ ಹೆಗಲು ಹೊಂಬಣ್ಣವನ್ನು ಕಳೆದುಕೊಂಡಿತ್ತು. ರಷ್ಯದಲ್ಲಿ ಕೊರಳಿನಿಂದ ಹೆಗಲಿಗೆ ಆದ ಪಲ್ಲಟ ಇಲ್ಲಿ ಹೆಗಲಿನಿಂದ ಕೊರಳಿಗೆ ಆದದ್ದು. ಆದರೂ ನಮ್ಮ ವೇಷದಂಗಡಿಗಳಲ್ಲಿ ಕಿತ್ತೂರಿಗೂ ನರಗುಂದಕ್ಕೂ ಬಾಡಿಗೆಗೆ ಸಿಗುವುದು ಅದೇ ಅಂಗಿ. ನರಗುಂದದ ಮೇಲೆ ಬಂದ ಮಾಲ್ಕಮನ ಸದರ್ನ್ ಮರಾಠಾ ಹಾರ್ಸ್ ಎಂಬ ಕುದುರೆದಳ ದೇಶೀ ಸವಾರರದೇ ಆಗಿತ್ತೆಂಬುದೂ, ಅಂಥ ದಳಗಳಲ್ಲಿ ರಿಸಾಲ್ದಾರ, ದಫೇದಾರ ಎಂಬ ದೇಶೀ ಪದವಿಗಳಿದ್ದವೆಂಬುದೂ ನಮ್ಮ ರಂಗದ ಮೇಲೆ ಬಂದದ್ದನ್ನು ನಾನು ಕಂಡಿಲ್ಲ. ಸುಬೇದಾರ, ಜಮಾದಾರ, ಹವಾಲ್ದಾರ, ನಾಯಕ: ಇವರು ನಮ್ಮವರೇ, ನಮ್ಮ ಎದುರು ನಿಂತವರೂ ಇವರೇ. ಇವರನ್ನು ಬಿಟ್ಟು ಇಂಗ್ಲಿಷ್ ಸೇನೆಯನ್ನು ಕೇವಲ ಬಿಳಿಯ ಮುಖಗಳಿಂದ ತುಂಬುವುದು ನೋವಿನ ಒಂದು ಸತ್ಯವನ್ನು ಮುಚ್ಚಿದಂತೆ.

ಇನ್ನು ಕಿತ್ತೂರಿನ ಪಕ್ಷದ ಕಡೆಗೆ. ಅಲ್ಲಿ ದೇಸಾಯಿ, ದಿವಾನ, ಸರದಾರ, ಕಿಲ್ಲೇದಾರ, ಜಮಾದಾರ ಎಂಬ ಶ್ರೇಣಿಯಿತ್ತು; ಅದರ ಅತ್ಯಂತ ಕೆಳಗಿನ ಮೆಟ್ಟಿಲಿನಲ್ಲಿ ಶೇತಸನದಿಗಳಿದ್ದರು. ಊರ ಕಾವಲು, ಕರೆ ಬಂದಾಗ ಕೋಟೆಗೆ ಹಾಜರಿ, ಇದಕ್ಕೆ ಪ್ರತಿಯಾಗಿ ಸನದಿನ ಮೂಲಕ ಉಂಬಳಿಯಾಗಿ ಬಂದ ಒಂದಿಷ್ಟು ಹೊಲ. ಅದು ಅವರ ಸೇವೆ, ಇದು ಅವರ ಸಂಬಳ. ಸಂಗೊಳ್ಳಿಯ ರಾಯಣ್ಣ ಇಂಥ ಒಬ್ಬ ಸನದಿ. ಕಿತ್ತೂರು ಬಿದ್ದ ಮೇಲೆ ಕಂಪನಿಯ ಕಂದಾಯದ ಕೈ ಈ ಸನದಿನ ಹೊಲಗಳಿಗೂ ಚಾಚಿತು; 1829-30ರಲ್ಲಿ ಬೀಡಿ, ನಂದಗಡ, ಸಂಪಗಾವಿಗಳ ಕಚೇರಿಗಳ ಮೇಲೆ ಬಿದ್ದ ದಂಡು ಬಹುಪಾಲು ಇಂಥ ಉಂಬಳಿ ಕಳೆದುಕೊಂಡವರ, ಇಲ್ಲವೆ ಕಳೆದುಕೊಳ್ಳುವ ಭಯದಲ್ಲಿದ್ದವರ ದಂಡು. ಸರದಾರರು ಸೋತು ಸೆರೆಯಾದ ಮೇಲೆ, ದಿವಾನಗಿರಿಗಳು ಚೂರಾದ ಮೇಲೆ, ಶ್ರೇಣಿಯ ಕೊನೆಯ ಮೆಟ್ಟಿಲಿನವನೊಬ್ಬ ಇಡೀ ಸಂಸ್ಥಾನದ ಮಾನವನ್ನು ಹೆಗಲಿಗೇರಿಸಿಕೊಂಡನೆಂಬುದೇ ರಾಯಣ್ಣನ ಕಥೆಯ ತಿರುಳು. ಅಂಥವನಿಗೆ ಮುತ್ತಿನ ತುರಾಯಿ, ಜರತಾರಿ ನಿಲುವಂಗಿ, ಎದೆಗೆ ಉಕ್ಕಿನ ಕವಚ ತೊಡಿಸಿ ಮಹಾದಂಡನಾಯಕನಂತೆ ಕುದುರೆಯೇರಿಸಿದಾಗ ಪ್ರೇಕ್ಷಕನಿಗೆ ತಿಳಿಯುವುದೇನು? ಒಬ್ಬ ಸೇನಾಪತಿ ಯುದ್ಧ ಮಾಡಿದನೆಂದು. ಸೇನಾಪತಿ ಯುದ್ಧ ಮಾಡುವುದು ಅವನ ಕೆಲಸ. ಸನದಿಯೊಬ್ಬ ಮಾಡಿದ್ದು ಮಾತ್ರ ಚರಿತ್ರೆ. ಭಕ್ತಿಯಿಂದ ತೊಡಿಸುವ ಆ ಅಲಂಕಾರದ ಹಿಂದಿನ ಪ್ರೀತಿಯನ್ನು ನಾನು ಅಲ್ಲಗಳೆಯಲಾರೆ. ಮಾನ ಕೊಡುವುದೆಂದರೆ ಮೇಲಿನ ಪದವಿ ಕೊಡುವುದೆಂಬ ಭಾವನೆ ನಮ್ಮ ಜನರ ಮನಸ್ಸಿನಲ್ಲಿ ಆಳವಾಗಿ ಬೇರೂರಿದೆ. ಆದರೂ ಕಂಬಳಿ, ಕುಡಗೋಲು, ಒಂದು ಢಾಲು, ನಾಡಕತ್ತಿ ಇವುಗಳೊಡನೆ ರಾಯಣ್ಣನನ್ನು ರಂಗಕ್ಕೆ ತರುವ ಧೈರ್ಯವಂತ ನಿರ್ದೇಶಕನಿಗೆ ಅದಕ್ಕಿಂತ ದೊಡ್ಡ ಮಾನ ಸಲ್ಲಬೇಕೆಂದು ನನ್ನ ನಿಶ್ಚಿತ ಅಭಿಪ್ರಾಯ. ಇಂಗ್ಲಿಷ್ ಅಧಿಕಾರಿ ಫ್ಲೀಟ್ ಸಾಹೇಬ ಹತ್ತೊಂಬತ್ತನೆಯ ಶತಮಾನದಲ್ಲಿ ಸಂಗ್ರಹಿಸಿದ ಲಾವಣಿಗಳಲ್ಲಿ ರಾಯಣ್ಣನ ದಂಗೆಯದೂ ಹಲಗಲಿಯ ಬೇಡರ ಬಂಡಾಯದ್ದೂ ಇವೆ. ವೇಷವನ್ನು ಯೋಚಿಸುವವರು ಚಲನಚಿತ್ರಕ್ಕಿಂತ ಮೊದಲು ಅವುಗಳ ಬಾಗಿಲು ತಟ್ಟುವುದು ಒಳ್ಳೆಯದು.

1824ರ ಆ ಕದನದಲ್ಲಿ ಕಿತ್ತೂರಿನವರಿಗೆ ಸೆರೆಸಿಕ್ಕ ಇಬ್ಬರು ತರುಣ ಅಧಿಕಾರಿಗಳಲ್ಲಿ ಒಬ್ಬನಾದ ವಾಲ್ಟರ್ ಎಲಿಯಟ್ ಮುಂದೆ ಈ ಸೀಮೆಯ ಶಿಲಾಶಾಸನಗಳ ಪ್ರತಿಗಳನ್ನು ಕೂಡಿಸಿ, ಕರ್ನಾಟಕದ ರಾಜವಂಶಗಳ ಚರಿತ್ರೆಗೆ ಮೊದಲ ಆಧಾರವನ್ನು ಒದಗಿಸಿದ. ಅಂಥ ಶಾಸನಗಳನ್ನು ಓದಿದರೆ, ಪದವಿಚಿಹ್ನೆಯೆಂಬುದು ಪರಂಗಿಯವರಿಂದ ಬಂದ ಪದ್ಧತಿಯಲ್ಲವೆಂಬುದು ಸ್ಪಷ್ಟವಾಗುತ್ತದೆ. ಸವದತ್ತಿಯ ರಟ್ಟರಿಗೆ ಸುವರ್ಣಗರುಡಧ್ವಜ, ಸಿಂಧುರ ಲಾಂಛನ, ತ್ರಿವಳಿಯ ವಾದ್ಯ. ಹಾನಗಲ್ಲಿನ ಕದಂಬರಿಗೆ ವಾನರಧ್ವಜ, ಸಿಂಹಲಾಂಛನ, ಪೆರ್ಮಟ್ಟಿಯೆಂಬ ತೂರ್ಯ. ಮಹಾಸಾಮಂತನಾದವನಿಗೆ ಪಂಚಮಹಾಶಬ್ದದ ಅಧಿಕಾರ: ಶೃಂಗ, ತಮ್ಮಟ, ಶಂಖ, ಭೇರಿ, ಜಯಘಂಟೆ. ಅಂದರೆ ಪದವಿ ಕಣ್ಣಿಗೆ ಬೀಳುವ ಮುನ್ನ ಕಿವಿಗೆ ಬೀಳುತ್ತಿತ್ತು. ಧೂಳೆದ್ದ ರಣದಲ್ಲಿ ಯಾರ ದಂಡು ಎತ್ತ ಸರಿಯಿತೆಂದು ಸದ್ದಿನಿಂದಲೇ ತಿಳಿಯಬಹುದಾಗಿತ್ತು. ಕದಂಬರ ಕಾಲದ ದೃಶ್ಯವನ್ನು ಆಡುವವರು ಎಲ್ಲ ಪಕ್ಷಗಳಿಗೂ ಒಂದೇ ಧ್ವನಿಮುದ್ರಿತ ರಣಭೇರಿಯನ್ನು ಕೇಳಿಸಿದರೆ, ರಷ್ಯದವರು ತಪ್ಪು ಕೊರಳಪಟ್ಟಿ ಧರಿಸಿದಷ್ಟೇ ದೋಷವಾಗುತ್ತದೆ.

ಮುಂದಿನ ಕಾಲದ ಬೀದರಿನ ಬಗ್ಗೆ ಇಂಥದೇ ಒಂದು ಸಾಕ್ಷ್ಯ ರಷ್ಯದಿಂದಲೇ ಬಂದಿದೆ, ಮತ್ತು ಈ ಲೇಖನಕ್ಕೆ ಅದು ಬಹು ಹತ್ತಿರದ್ದು. ಹದಿನೈದನೆಯ ಶತಮಾನದ ಏಳನೆಯ, ಎಂಟನೆಯ ದಶಕಗಳಲ್ಲಿ ವ್ಯಾಪಾರಕ್ಕೆಂದು ತ್ವೇರ್ ಪಟ್ಟಣದಿಂದ ಹೊರಟು ಬಹಮನಿ ರಾಜ್ಯಕ್ಕೆ ಬಂದ ಅಫಾನಾಸಿ ನಿಕಿತಿನ್ ಅಲ್ಲಿಯ ಅಮೀರರ ಮೆರವಣಿಗೆಯನ್ನು ಲೆಕ್ಕಹಾಕಿ ಬರೆದಿಟ್ಟಿದ್ದಾನೆ: ಬೆಳ್ಳಿಯ ಪಲ್ಲಕ್ಕಿ, ಅದರ ಮುಂದೆ ಬಂಗಾರದ ಸಜ್ಜಿನ ಇಪ್ಪತ್ತು ಕುದುರೆ, ಹಿಂದೆ ಮುನ್ನೂರು ಸವಾರರು, ಐನೂರು ಕಾಲಾಳುಗಳು, ಹತ್ತು ಕಹಳೆ, ಹತ್ತು ನಗಾರಿ, ಹತ್ತು ಕೊಳಲು. ಅಮೀರನ ಮೈಮೇಲೆ ಏನಿತ್ತೆಂಬುದಕ್ಕಿಂತ ಅವನ ಸುತ್ತ ಎಷ್ಟು ಜನರಿದ್ದರೆಂಬುದೇ ಅವನ ಪದವಿಯ ಪ್ರಮಾಣ. ತನ್ನ ನಾಡಿನ ಬೊಯಾರರೆಂಬ ಶ್ರೀಮಂತರ ಶ್ರೇಣಿಯನ್ನು ಬಲ್ಲ ಆ ವರ್ತಕನಿಗೆ ಇದನ್ನು ಎಣಿಸಿ ಬರೆಯಬೇಕೆನಿಸಿತು. ಇಷ್ಟು ನಿಖರವಾದ ವರ್ಣನೆ ಕೈಯಲ್ಲಿರುವಾಗ ಬೀದರಿನ ಕೋಟೆಯ ಉತ್ಸವಗಳು ಅದನ್ನು ಬಳಸಿಕೊಳ್ಳುವುದು ಅಸಾಧ್ಯವೇನಲ್ಲ.

ವೀರಗಲ್ಲುಗಳು ಇನ್ನೊಂದು ಭಂಡಾರ. 1939ರಲ್ಲಿ ಧಾರವಾಡದಲ್ಲಿ ಸ್ಥಾಪನೆಯಾದ ಕನ್ನಡ ಸಂಶೋಧನ ಸಂಸ್ಥೆಯ ಸಂಗ್ರಹಾಲಯದಲ್ಲಿ ಅಂಥವುಗಳನ್ನು ಹತ್ತಿರದಿಂದ ನೋಡಬಹುದು: ಛತ್ರದ ನೆರಳಿನಲ್ಲಿ ಬರುವ ಪ್ರಭು ಯಾರು, ಬಿಲ್ಲು ಹಿಡಿದು ನೆಲದ ಮೇಲೆ ನಿಂತ ಭಟ ಯಾರು ಎಂಬುದನ್ನು ಶಿಲ್ಪಿ ಎಂದೂ ಗೊಂದಲಕ್ಕೆ ಬಿಟ್ಟಿಲ್ಲ, ಸತ್ತವನು ಸಾಮಾನ್ಯ ಆಳಾಗಿದ್ದರೆ ಅವನಿಗೆ ಛತ್ರವನ್ನು ಕೊಟ್ಟಿಲ್ಲ, ಅಪ್ಸರೆಯರನ್ನು ಮಾತ್ರ ಕೊಟ್ಟಿದ್ದಾನೆ. ಹಳೇಬೀಡಿನಲ್ಲಿ ಇಮ್ಮಡಿ ವೀರಬಲ್ಲಾಳನ ಗರುಡನಾದ ಕುವರ ಲಕ್ಷ್ಮನ ಸ್ತಂಭ ಒಡೆಯನೊಡನೆ ಸಾಯುವ ವ್ರತವನ್ನು ತೊಟ್ಟವರ ಕಾಲಿನ ತೊಡರನ್ನೂ ನೆನಪಿಗೆ ತರುತ್ತದೆ. ಗಂಡಪೆಂಡೆಯವೆಂಬ ಆ ತೊಡರು ಬರಿಯ ಒಡವೆಯಾಗಿರಲಿಲ್ಲ, ಪ್ರತಿಜ್ಞೆಯ ಗುರುತಾಗಿತ್ತು. ಧಾರವಾಡಕ್ಕೆ ಸಮೀಪದ ಯಾದವಾಡದಲ್ಲಿ, ಬೆಳವಡಿ ಮಲ್ಲಮ್ಮ ನಿಲ್ಲಿಸಿದಳೆಂದು ಪ್ರತೀತಿಯಿರುವ ಶಿವಾಜಿಯ ಶಿಲ್ಪವಿದೆ. ಹದಿನೇಳನೆಯ ಶತಮಾನದ ಸವಾರನನ್ನು ಅಭಿನಯಿಸಬೇಕೆನ್ನುವವರು ಧಾರವಾಡದ ಹೆಬ್ಬಳ್ಳಿ ಅಗಸಿಯಿಂದ ಅರ್ಧ ದಿನದಲ್ಲಿ ಹೋಗಿ ನೋಡಿ ಬರಬಹುದಾದ ಆಧಾರವಿದು.

ಇಷ್ಟೆಲ್ಲ ಹೇಳಿದ ಮೇಲೆ ರಂಗಕರ್ಮಿಗಳ ಪ್ರತಿವಾದಕ್ಕೂ ನ್ಯಾಯ ಸಲ್ಲಿಸಬೇಕು. ದೊಡ್ಡಾಟದ ಕಿರೀಟ, ಭುಜಕೀರ್ತಿ, ಎದೆಕಟ್ಟುಗಳು ಯಾವ ರಾಜನ ಕಾಲದವೂ ಅಲ್ಲ. ಆದರೂ ಅವುಗಳಿಗೆ ತಮ್ಮದೇ ಆದ ವ್ಯಾಕರಣವಿದೆ, ಕಿರೀಟದ ಎತ್ತರವನ್ನು ನೋಡಿಯೇ ಹಳ್ಳಿಯ ಮುದುಕಿ ಇವನು ಅರಸ, ಇವನು ಮಂತ್ರಿಯೆಂದು ಹೇಳಬಲ್ಲಳು. ಆ ಕಲೆಯಲ್ಲಿ ಇತಿಹಾಸದ ನಿಖರತೆಯನ್ನು ಕೇಳುವುದು ಅವಿವೇಕ. ತೊಂದರೆ ಬರುವುದು ಎರಡರ ನಡುವೆ ಬಿದ್ದ ದೃಶ್ಯಗಳಲ್ಲಿ: ನಿಜವಾದ ಊರು, ನಿಜವಾದ ದಿನಾಂಕ, ನಿಜವಾದ ಹೆಸರುಗಳನ್ನು ಹೇಳಿಕೊಂಡು, ಉಡುಪಿಗೆ ಮಾತ್ರ ದೊಡ್ಡಾಟದ ಸ್ವಾತಂತ್ರ್ಯವನ್ನು ಪಡೆಯುವಲ್ಲಿ. 1824 ಎಂದು ಸಾರಿದವನು 1824ಕ್ಕೆ ಬದ್ಧನಾಗಬೇಕು.

ಖರ್ಚಿನ ಮಾತು ಬರುವುದು ಸಹಜ. ಆದರೆ ರಾಯಣ್ಣನ ಕಂಬಳಿಗೆ ಜರತಾರಿಯಷ್ಟು ಬೆಲೆಯಿಲ್ಲ, ಥ್ಯಾಕರೆಯ ಕರಿಕೋಟಿಗೆ ಕುಚ್ಚಿನ ಖರ್ಚಿಲ್ಲ. ಬೇಕಾಗಿರುವುದು ಹಣಕ್ಕಿಂತ ಹೆಚ್ಚಾಗಿ ಒಂದು ಚಿತ್ರಸಂಪುಟ: ಕಿತ್ತೂರು, ಹಲಗಲಿ, ನರಗುಂದ ಈ ಮೂರು ಪ್ರಸಂಗಗಳಿಗೆ, ಎರಡೂ ಪಕ್ಷದ ಪ್ರತಿಯೊಂದು ಪದವಿಗೂ ಒಂದೊಂದು ಪುಟ. ಕಿತ್ತೂರಿನ ಕೋಟೆಯೊಳಗಿನ ವಸ್ತುಸಂಗ್ರಹಾಲಯ, ಕನ್ನಡ ಸಂಶೋಧನ ಸಂಸ್ಥೆ, ಧಾರವಾಡ ರಂಗಾಯಣ ಇವು ಕೂಡಿದರೆ ಆಗದ ಕೆಲಸವಲ್ಲ. ಇಂದಿನ ಸೇನೆಯ ಚಿಹ್ನೆಗಳನ್ನು ಮಾತ್ರ ಆ ಸಂಪುಟದಿಂದ ದೂರವಿಡತಕ್ಕದ್ದು. 1950ರಲ್ಲಿ ಬ್ರಿಟಿಷ್ ಕಿರೀಟ ಹೋಗಿ ಅಶೋಕನ ಸಿಂಹಗಳು ಬಂದ ಮೇಲೆ ಅವು ಗಣರಾಜ್ಯದ ಸೊತ್ತು, ನಿಜವಾದ ಯೋಧನೆಂದು ಜನ ನಂಬಲೆಂಬ ಉದ್ದೇಶದಿಂದ ಅವುಗಳನ್ನು ಧರಿಸುವುದನ್ನು ಹಳೆಯ ದಂಡಸಂಹಿತೆಯ 140ನೆಯ ಕಲಮು ಅಪರಾಧವೆಂದೇ ಎಣಿಸಿತ್ತು. ಹಳ್ಳಿಯ ನಾಟಕಮಂಡಳಿಗಳಿಗೆ ಸಂಪುಟದ ಅಗ್ಗದ ಪ್ರತಿಯೊಂದು ತಲುಪಿದರೆ, ಮತ್ತು ಹುಬ್ಬಳ್ಳಿಯ ವೇಷದಂಗಡಿಗಳು ಅದರ ಪುಟಗಳಿಗನುಸಾರವಾಗಿ ಒಂದು ಜೊತೆ ನೀಲಿಯಂಗಿಯನ್ನೂ ಒಂದು ಜೊತೆ ಸನದಿಯ ಉಡುಪನ್ನೂ ಹೊಲಿಸಿಟ್ಟರೆ, ಬರುವ ಅಕ್ಟೋಬರಿನ ಮೆರವಣಿಗೆಯಲ್ಲಿಯೇ ಅವನ್ನು ತೊಟ್ಟು ನಡೆಯಲು ಹುಡುಗರು ಸಿದ್ಧರಿದ್ದಾರೆ.